ಸರಕಿಗೆ ತೆರೆದ ಬಾಗಿಲು ಕೂಲಿಯವನಿಗೇಕೆ ಮುಚ್ಚಿತು?

2004ರ ಮೇ 1. ಕಾರ್ಮಿಕರ ದಿನದಂದೇ ಯುರೋಪಿಯನ್ ಒಕ್ಕೂಟಕ್ಕೆ ಹತ್ತು ಹೊಸ ದೇಶಗಳು ಸೇರಿದವು. ಪೋಲೆಂಡ್, ಹಂಗೇರಿಗಳ ಮಾರುಕಟ್ಟೆಗೆ ಜರ್ಮನಿಯ ಕಾರು, ಫ್ರಾನ್ಸಿನ ಸೂಪರ್ ಮಾರ್ಕೆಟ್ ಅದಾಗಲೇ ನುಗ್ಗಿಯಾಗಿತ್ತು. ಆದರೆ ಪೂರ್ವ ಯುರೋಪಿನ ಎಂಟು ದೇಶಗಳ ಕಾರ್ಮಿಕರು ಕೆಲಸ ಹುಡುಕಿಕೊಂಡು ಬರುತ್ತೇವೆಂದಾಗ ಪೂರ್ತಿ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಮಾತ್ರ. ಏಳು ವರ್ಷಗಳವರೆಗೆ ತಡೆಯಲು ಒಪ್ಪಂದದಲ್ಲೇ ಅವಕಾಶವಿತ್ತು. ಜರ್ಮನಿ, ಆಸ್ಟ್ರಿಯಾಗಳು ಏಳು ವರ್ಷವನ್ನೂ ಬಳಸಿಕೊಂಡವು. ಬಂಡವಾಳಕ್ಕೆ ಬೇಡದ ಪರವಾನಗಿ ಬೆವರಿಗೇಕೆ?

ಸ್ಥಳೀಯರ ಕೂಲಿ ಕುಸಿಯಬಾರದು ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ನಡೆದದ್ದೇನು? ನೌಕರನಾಗಿ ಬರಲಾರದ ಪೋಲೆಂಡಿನ ಟೈಲ್ಸ್ ಕೆಲಸದವನು 'ಸ್ವಂತ ಉದ್ಯಮಿ' ಎಂದು ನೋಂದಾಯಿಸಿಕೊಂಡು ಜರ್ಮನಿಗೆ ಬಂದ. ಕಟ್ಟಡ ಕೆಲಸಕ್ಕೆ ಅಲ್ಲಿ ನಿಗದಿಯಾಗಿದ್ದ ಕನಿಷ್ಠ ಕೂಲಿ ಉದ್ಯಮಿಗೆ ಅನ್ವಯಿಸದು. ರಜೆಯಿಲ್ಲ, ಸಂಘವಿಲ್ಲ. ಸ್ಥಳೀಯನ ಕೂಲಿಯನ್ನು ಕೆಳಗೆಳೆಯುವುದು ಹಕ್ಕಿರುವ ಹೊರಗಿನವನಲ್ಲ, ಹಕ್ಕಿಲ್ಲದ ಹೊರಗಿನವನು. ಫ್ರಾನ್ಸಿನಲ್ಲಂತೂ 2005ರಲ್ಲಿ 'ಪೋಲೆಂಡಿನ ಪ್ಲಂಬರ್' ಎಂಬ ಭೂತವನ್ನೇ ಎಬ್ಬಿಸಲಾಯಿತು. ಪೋಲೆಂಡಿನ ಪ್ರವಾಸೋದ್ಯಮ ಇಲಾಖೆ ಸುಂದರ ಪ್ಲಂಬರನೊಬ್ಬನ ಪೋಸ್ಟರ್ ಹಾಕಿ, 'ನಾನಿಲ್ಲೇ ಇರುತ್ತೇನೆ, ನೀವೇ ಬನ್ನಿ' ಎಂದು ಕರೆದು ನಗೆಯಲ್ಲೇ ಉತ್ತರಿಸಿತು!

ಬ್ರಿಟನ್ ಬಾಗಿಲು ತೆರೆಯಿತು ನಿಜ. ವರ್ಷಕ್ಕೆ ಹೆಚ್ಚೆಂದರೆ ಹದಿಮೂರು ಸಾವಿರ ಜನ ಬಂದಾರೆಂಬ ಅಂದಾಜು ಅದರ ಮುಂದಿತ್ತು. ಎರಡೂವರೆ ವರ್ಷದೊಳಗೆ ನೋಂದಣಿಗೆ ಬಂದ ಅರ್ಜಿಗಳೇ ಸುಮಾರು ಐದು ಲಕ್ಷ. ಅವರ ದುಡಿಮೆಯಿಂದ ತೆರಿಗೆ ಬಂತು, ತೋಟದ ಹಣ್ಣು ಪೇಟೆ ಸೇರಿತು. ಆದರೆ ಅದಕ್ಕೆ ತಕ್ಕಂತೆ ಮನೆ, ಶಾಲೆಗಳನ್ನು ಹೆಚ್ಚಿಸಲಿಲ್ಲ. ಸರಕಾರದ ಆ ತಪ್ಪಿನ ಹೊರೆಯನ್ನು 2016ರ ಜನಮತಗಣನೆಯಲ್ಲಿ ಕಾರ್ಮಿಕನ ತಲೆಗೆ ಕಟ್ಟಲಾಯಿತು.

ಇನ್ನು ತುರ್ಕಿಯ ಕಥೆ. 1961ರ ಒಪ್ಪಂದದ ಮೂಲಕ ಜರ್ಮನಿಯೇ ತುರ್ಕರನ್ನು ಕರೆಸಿಕೊಂಡಿತು. ಅವರು ಅದರ ಕಾರ್ಖಾನೆ, ಗಣಿಗಳಲ್ಲಿ ದುಡಿದರು. 2005ರಲ್ಲಿ ಸದಸ್ಯತ್ವದ ಮಾತುಕತೆ ಆರಂಭವಾದಾಗ, ತುರ್ಕಿಯ ಜನರ ಓಡಾಟವನ್ನು ನಿರ್ಬಂಧಿಸಲು ಶಾಶ್ವತ ರಕ್ಷಣಾ ಷರತ್ತನ್ನೂ ಪರಿಗಣಿಸಬಹುದೆಂದು ದಾಖಲೆಯಲ್ಲೇ ಬರೆಯಲಾಯಿತು. ಪೋಲೆಂಡಿಗೆ ಏಳು ವರ್ಷ, ತುರ್ಕಿಗೆ ಶಾಶ್ವತ! ವ್ಯತ್ಯಾಸ ಬರೀ ಜನಸಂಖ್ಯೆಯದ್ದೆಂದು ನಂಬಬೇಕೆ?

ಆದರೆ ಯುರೋಪಿನತ್ತ ಬೆರಳು ತೋರಿಸಿ ಮುಸ್ಲಿಮರು ಕೈತೊಳೆದುಕೊಳ್ಳುವಂತಿಲ್ಲ. ಭಟ್ಕಳ, ಮಂಗಳೂರು, ಉಡುಪಿಯ ಮನೆಮನೆಗೂ ಗೊತ್ತಿರುವ ಮಾತು ಕಫೀಲ್. ದಶಕಗಳ ಕಾಲ ಗಲ್ಫ್‌ನಲ್ಲಿ ನಮ್ಮ ಹುಡುಗರ ವೀಸಾ ಒಬ್ಬ ಮಾಲಕನಿಗೆ ಕಟ್ಟಿಬಿದ್ದಿತ್ತು. ಎಷ್ಟೋ ಮಂದಿಯ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿತ್ತು. ಅದನ್ನು ಮುಸ್ಲಿಂ ದೇಶಗಳೆಂಬ ಸಂಕೋಚದಿಂದ ನಾವು ಎಷ್ಟು ಸಲ ಬರೆದೆವು?