ಕಾಲುದಾರಿಯ ಬಸಿಗಾಲುವೆ

ಇಪ್ಪತ್ತೈದು ವರ್ಷಗಳಿಂದ ನಾನು ಬರೆದುಕೊಡುತ್ತಿರುವ ಅತಿ ಅಗ್ಗದ ಔಷಧಿ ಎಂದರೆ ನಡಿಗೆ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ ಎನ್ನುವವರಿಗೆ, ಎಲ್ಲರಿಗೂ ಅದೇ ಚೀಟಿ. ಆದರೆ ನಡೆಯುವ ದಾರಿಯ ಆರೋಗ್ಯವನ್ನು ಯಾರು ನೋಡಿಕೊಳ್ಳುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ದಕ್ಷಿಣ ಕೆರೊಲಿನಾದ ಫುಟ್‌ಹಿಲ್ಸ್ ಟ್ರೇಲ್ ನಮ್ಮಲ್ಲಿ ಅನೇಕರು ತುಳಿದ ದಾರಿ. ಟೇಬಲ್ ರಾಕ್‌ನಿಂದ ಓಕೋನಿ ಸ್ಟೇಟ್ ಪಾರ್ಕ್‌ವರೆಗೆ 77 ಮೈಲಿ. ನಡುವೆ ಆ ರಾಜ್ಯದ ಅತಿ ಎತ್ತರದ ಸ್ಯಾಸಫ್ರಾಸ್ ಬೆಟ್ಟ, 3,553 ಅಡಿ. ಅಟ್ಲಾಂಟಾದಿಂದಾಗಲಿ ಶಾರ್ಲಟ್‌ನಿಂದಾಗಲಿ ಎರಡು-ಮೂರು ಗಂಟೆಯ ಡ್ರೈವ್. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ನಾವು ಎಷ್ಟೋ ಸಲ ಹೋಗಿದ್ದೇವೆ. ಮರದ ಮೇಲಿನ ಬಿಳಿ ಪಟ್ಟಿ ನೋಡುತ್ತಾ ನಡೆದದ್ದೇ ಹೊರತು, ಆ ಬಣ್ಣ ಬಳಿದವರು ಯಾರೆಂದು ಕೇಳಲಿಲ್ಲ. ಸರ್ಕಾರದವರಿರಬೇಕು ಎಂದುಕೊಂಡಿದ್ದೆ! ಬಹುಪಾಲು ಸ್ವಯಂಸೇವಕರಂತೆ. 1974ರಲ್ಲಿ ಹುಟ್ಟಿದ ಅವರ ಸಂಘಕ್ಕೆ ಈಗ ಫುಟ್‌ಹಿಲ್ಸ್ ಟ್ರೇಲ್ ಕನ್ಸರ್ವೆನ್ಸಿ ಎಂದು ಹೆಸರು. ವಾಷಿಂಗ್ಟನ್ ಕಡೆ 1927ರಲ್ಲಿ ಶುರುವಾದ ಪೊಟೊಮ್ಯಾಕ್ ಅಪಲೇಚಿಯನ್ ಟ್ರೇಲ್ ಕ್ಲಬ್‌ನವರದೂ ಇದೇ ಕಾಯಕ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂತು. ಈ ಬೆಟ್ಟಗಳಲ್ಲಿ ಮರಗಳು ಬುಡಸಮೇತ ಉರುಳಿದವು. ಉರುಳಿದ ಮರ ಒಣಗಿ ಸೌದೆಯಾಯಿತು; 2025ರ ಮಾರ್ಚ್‌ನಲ್ಲಿ ಟೇಬಲ್ ರಾಕ್‌ಗೆ ಬೆಂಕಿ ಬಿತ್ತು. ಆ ಬೆಂಕಿ ಶುರುವಾದದ್ದು ಚಾರಣಕ್ಕೆ ಬಂದವರ ಅಜಾಗರೂಕತೆಯಿಂದ ಎಂದು ಓದಿದಾಗ, ನಾನೂ ಚಾರಣಿಗರ ಜಾತಿಗೆ ಸೇರಿದವನಲ್ಲವೇ ಎಂದು ನಾಚಿಕೆಯಾಯಿತು. ಒಂದು ಶನಿವಾರ ಕೆಲಸಕ್ಕೆ ಹೆಸರು ಕೊಟ್ಟೆ.

ಅಲ್ಲಿದ್ದವರಲ್ಲಿ ನಾನೇ ಕಿರಿಯ ಎನ್ನಬಹುದು. ಐವತ್ತು ದಾಟಿದವನಿಗೆ ಇಂಥ ಭಾಗ್ಯ ಬೇರೆಲ್ಲಿ! ಬಿದ್ದ ಮರ ಕೊಯ್ಯುವುದಕ್ಕೆ ತರಬೇತಿ ಪಡೆದವರೇ ಬೇಕು. ನನ್ನ ಕೈಗೆ ಬಂದದ್ದು ಪುಲಾಸ್ಕಿ, ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. 1910ರ ಐಡಾಹೋ ಕಾಡ್ಗಿಚ್ಚಿನಲ್ಲಿ ಸುಮಾರು ನಲವತ್ತು ಜನರನ್ನು ಗಣಿಯ ಸುರಂಗದೊಳಗೆ ನುಗ್ಗಿಸಿ ಉಳಿಸಿದ ಅರಣ್ಯಾಧಿಕಾರಿ ಎಡ್ ಪುಲಾಸ್ಕಿಯ ಹೆಸರು ಅದಕ್ಕೆ.

ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರ್ ಒಬ್ಬರು ನನ್ನ ಗುರು. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಹೂತಿದ್ದ ದಿಮ್ಮಿ ತೋರಿಸಿದರು. ಅದನ್ನು ನಾನು ಇಷ್ಟು ವರ್ಷ ಮೆಟ್ಟಿಲೆಂದೇ ತಿಳಿದಿದ್ದೆ. ಮಳೆನೀರನ್ನು ತಡೆದು ಇಳಿಜಾರಿನ ಕಡೆಗೆ ತಿರುಗಿಸುವುದು ಅದರ ಕೆಲಸ. ಅದರ ಹಿಂದೆ ತರಗೆಲೆ, ಹೂಳು ತುಂಬಿತೋ, ನೀರು ದಿಮ್ಮಿಯನ್ನು ಹಾರಿ ದಾರಿಯಲ್ಲೇ ಹರಿಯುತ್ತದೆ. ನಾಲ್ಕು ದೊಡ್ಡ ಮಳೆಗೆ ದಾರಿಯೇ ಹಳ್ಳ. "ದಾರಿಯ ಶತ್ರು ಬೂಟಲ್ಲ, ನೀರು" ಎಂದರು. ಮುಂದಿನ ತಿರುವಿನಲ್ಲಿ ನಿಂತು, ಜನ ಸುತ್ತು ಬಳಸದೆ ನೇರ ಇಳಿದು ಮಾಡಿದ ಕೊರಕಲನ್ನೂ ತೋರಿಸಿದರು. ಕಾಲು ನೇರ ಇಳಿದಲ್ಲಿ ನೀರೂ ನೇರ ಇಳಿಯುತ್ತದೆ. ನಮ್ಮ ಪಿಕ್ನಿಕ್ ಪಡೆ ಹಾಗೆ ಎಷ್ಟು ಸಲ ಇಳಿದಿದೆಯೋ! ನಾನು ಬಾಯಿ ಬಿಡಲಿಲ್ಲ.

ಹೂಳು ಎಳೆಯುತ್ತಾ ನಮ್ಮ ತೋಟ ನೆನಪಾಯಿತು. ಮುಂಗಾರಿಗೆ ಮೊದಲು ಅಪ್ಪ ಅಡಿಕೆ ತೋಟದ ಬಸಿಗಾಲುವೆ ಬಿಡಿಸುತ್ತಿದ್ದರು. ರಜೆಗೆಂದು ಹೋದ ನನ್ನ ಕೈಗೂ ಹಾರೆ ಕೊಟ್ಟರೆ, ಪರೀಕ್ಷೆ ಇದೆ ಎಂದು ಪುಸ್ತಕ ಹಿಡಿದು ಜಗಲಿಗೆ ಓಡುತ್ತಿದ್ದೆ. ಎಂ.ಬಿ.ಬಿ.ಎಸ್. ಬಂತು, ಎಂ.ಡಿ. ಬಂತು. ಕಾಲುವೆ ಬಿಡಿಸುವುದು ಮಾತ್ರ ಕಲಿಯಲಿಲ್ಲ. ಕೊನೆಗೆ ಕಲಿಸಿದ್ದು ಕೆರೊಲಿನಾದ ಬೆಟ್ಟ.

ಮಧ್ಯಾಹ್ನದ ಹೊತ್ತಿಗೆ ಆರು ಕಾಲುವೆ ಬಿಡಿಸಿದ್ದೆ. ಗುರುಗಳು ಹನ್ನೆರಡು. ಊಟಕ್ಕೆ ಕುಳಿತಾಗ ಅವರು, "ಮೊಣಕಾಲು ಇನ್ನೆರಡು ವರ್ಷ ತಡೆಯಬಹುದು, ಡಾಕ್ಟರೇ. ಆಮೇಲೆ ಈ ಭಾಗ ಯಾರು ನೋಡುತ್ತಾರೋ" ಎಂದರು. ಮೊಣಕಾಲಿನ ಬಗ್ಗೆ ಕೇಳಿದ್ದರೆ ಉತ್ತರ ನನ್ನಲ್ಲಿತ್ತು.

ಭಾನುವಾರ ಬೆನ್ನು ಬಗ್ಗಲಿಲ್ಲ. "ರೋಗಿಗಳಿಗೆ ಹೇಳುವುದನ್ನೇ ನಿಮಗೂ ಹೇಳಲೇ, ಒಂದು ವಾಕ್ ಹೋಗಿಬನ್ನಿ" ಎಂದು ಮನೆಯವಳು ನಕ್ಕಳು. ಅದೇ ವಾರ ಒಂದು ರಾತ್ರಿ ಜೋರು ಮಳೆ. ಎಚ್ಚರವಾಗಿ, ಮೂರನೆಯ ಕಾಲುವೆಯ ಬಾಯಿ ಸಾಕಷ್ಟು ಅಗಲ ಮಾಡಿದ್ದೆನೋ ಇಲ್ಲವೋ ಎಂದು ಬಹಳ ಹೊತ್ತು ಮಲಗಿಕೊಂಡೇ ಲೆಕ್ಕ ಹಾಕಿದೆ. ಊರಿನಲ್ಲಿ ಇಂಥ ಮಳೆಗೆ ಅಪ್ಪ ಗೊರಬು ಹಾಕಿಕೊಂಡು, ಟಾರ್ಚ್ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು.