ನಾಳೆ ಬಾ ಎನ್ನುವವರ ಕೈಲಿರುವ ನಮ್ಮ ಸಮಯ

ಬೆಳಿಗ್ಗೆ ಐದಕ್ಕೆ ಏಳಿ. ದಿನದ ಕೆಲಸ ಪಟ್ಟಿ ಮಾಡಿ. ಮೊಬೈಲ್ ದೂರ ಇಡಿ. ಸಮಯ ನಿರ್ವಹಣೆ ಕುರಿತು ವಾಟ್ಸಾಪ್‌ನಲ್ಲಿ ಬರುವ ವಿಡಿಯೋಗಳಾಗಲಿ, ಕಾಲೇಜುಗಳ ವ್ಯಕ್ತಿತ್ವ ವಿಕಸನ ಶಿಬಿರಗಳಾಗಲಿ ಹೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಸಲಹೆ ಕೆಟ್ಟದ್ದೇನಲ್ಲ. ಆದರೆ ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲಿ ಐದಕ್ಕೆ ಏಳುವುದನ್ನು ಯಾರಿಗೆ ಕಲಿಸಬೇಕು? ಡೇರಿಗೆ ಹಾಲು ಹಾಕುವ ಹೊತ್ತಿಗೆ ಹಸು ಕರೆದಿರಲೇಬೇಕು. ನಂಜನಗೂಡಿನ ಕಾರ್ಖಾನೆಗಳಲ್ಲಿ ಮೊದಲ ಪಾಳಿಗೆ ಹೋಗುವವರು ಅದಕ್ಕೂ ಮುಂಚೆಯೇ ಎದ್ದಿರುತ್ತಾರೆ. ಇಲ್ಲಿನ ಜನರಿಗೆ ಸಮಯದ ಬೆಲೆ ಗೊತ್ತಿಲ್ಲ ಅಂತಲ್ಲ. ಅವರ ಸಮಯ ಅವರ ಕೈಯಲ್ಲಿಲ್ಲ.

ಪಂಪ್‌ಸೆಟ್ ಇರುವ ರೈತನನ್ನೇ ನೋಡಿ. ಅವನ ದಿನಚರಿ ಬರೆಯುವುದು ತ್ರೀ ಫೇಸ್ ಕರೆಂಟ್. ಸರ್ಕಾರ ಹೇಳುವುದು ದಿನಕ್ಕೆ ಏಳು ಗಂಟೆ. ಆ ಏಳು ಗಂಟೆ ರಾತ್ರಿ ಪಾಳಿಗೆ ಬಿದ್ದರೆ ಟಾರ್ಚ್ ಹಿಡಿದು ರಾತ್ರಿಯೇ ಗದ್ದೆಗೆ ಹೋಗಬೇಕು, ಹಾವು ಚೇಳಿನ ನಡುವೆ. ನಂಜನಗೂಡಿಗಾದರೂ ರೈಲಿದೆ. ನರಸೀಪುರಕ್ಕೆ ಅದೂ ಇಲ್ಲ, ಮೈಸೂರಿಗೆ ಓದಲು ಹೋಗುವ ಹುಡುಗಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಅವಳ ಟಿಕೆಟ್ ಹಣ ಉಳಿಯಿತು. ದೊಡ್ಡ ವಿಷಯವೇ. ಆದರೆ ತುಂಬಿ ಬಂದ ಬಸ್ಸು ಊರ ಗೇಟಿನಲ್ಲಿ ನಿಲ್ಲದೆ ಹೋದರೆ ಮೊದಲ ಪೀರಿಯಡ್ ಹೋದಂತೆಯೇ. ಹಾಜರಿ ಕಮ್ಮಿಯಾದರೆ ಬೈಸಿಕೊಳ್ಳುವುದು ಅವಳು.

ಇದಕ್ಕಿಂತ ಹೆಚ್ಚು ಹೊತ್ತು ನುಂಗುವುದು ಕಚೇರಿಗಳು. ಹಿಂದೆ ದೆವ್ವ ಬಾರದಿರಲಿ ಅಂತ ನಮ್ಮ ಊರುಗಳ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಈಗ ಅದನ್ನು ಜನರಿಗೇ ಹೇಳುತ್ತಾರೆ: ಸರ್ವರ್ ಇಲ್ಲ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ. ಕೂಲಿ ಮಾಡುವ ಹೆಂಗಸಿಗೆ ಒಂದು 'ನಾಳೆ' ಅಂದರೆ ಎರಡು ದಿನದ ಕೂಲಿ, ಇವತ್ತಿನದು ಮತ್ತು ನಾಳೆಯದು. ಮೂರನೇ ಸಲಕ್ಕೆ ಯಾರೋ ಮಧ್ಯವರ್ತಿಗೆ ದುಡ್ಡು ಕೊಟ್ಟು ಕೆಲಸ ಮುಗಿಸಿಕೊಳ್ಳುತ್ತಾರೆ. ನಾನದನ್ನು ತಪ್ಪೆನ್ನುವುದಿಲ್ಲ. ಲೆಕ್ಕ ಹಾಕಿದರೆ ಅವಳಿಗೆ ಅದೇ ಅಗ್ಗ.

ಇದಕ್ಕೆ ನಮ್ಮ ರಾಜ್ಯದಲ್ಲಿ ಕಾಯ್ದೆಯೇ ಇದೆ. ಹೆಸರೂ ಚೆನ್ನಾಗಿದೆ: ಸಕಾಲ. 2011ರಲ್ಲಿ ಆದ ಕಾಯ್ದೆ, ಜಾರಿಗೆ ಬಂದದ್ದು 2012ರಲ್ಲಿ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳಿಗೆ ಇಷ್ಟು ದಿನ ಎಂದು ಗಡುವಿದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು. ಅದನ್ನು ತಡಮಾಡಿದ ಅಧಿಕಾರಿಯಿಂದಲೇ ವಸೂಲು ಮಾಡಬೇಕು. ನಮ್ಮ ಒಂದು ದಿನಕ್ಕೆ ಸರ್ಕಾರ ಕಟ್ಟಿದ ಬೆಲೆ 20 ರೂಪಾಯಿ! ಹೋಟೆಲಿಗೆ ಹೋದರೆ ಒಂದು ವಡೆಗೆ ಸಾಲದು. ಈ ಮೊತ್ತ ಏರಲೇಬೇಕು. ಆದರೂ ನಾನು ಈ ಕಾಯ್ದೆಯ ಪರ. ಬಡವರ ಕಾಯುವಿಕೆಗೂ ಲೆಕ್ಕವಿದೆ ಎಂದು ಕಾನೂನು ಒಪ್ಪಿಕೊಂಡಿರುವುದು ಸಣ್ಣ ಮಾತಲ್ಲ.

ತಪ್ಪಿಸಿಕೊಳ್ಳುವ ದಾರಿ ಮಾತ್ರ ಸುಲಭ. ಅರ್ಜಿಯನ್ನು ದಾಖಲಿಸಿಕೊಳ್ಳುವುದೇ ಇಲ್ಲ. "ಇಟ್ಟು ಹೋಗಮ್ಮ, ನೋಡೋಣ" ಅಂದರೆ ಮುಗಿಯಿತು. ಸ್ವೀಕೃತಿ ಇಲ್ಲದಿದ್ದರೆ ಗಡುವೇ ಶುರುವಾಗದು. ಹಾಗಾಗಿ ಅರ್ಜಿ ಕೊಟ್ಟ ಕೂಡಲೆ ಜಿ.ಎಸ್.ಸಿ. ಸಂಖ್ಯೆ ಇರುವ ಚೀಟಿ ಕೇಳಿ ಪಡೆಯಿರಿ, ಅದು ಬರುವವರೆಗೆ ಕೌಂಟರ್ ಬಿಡಬೇಡಿ. ಓದಿದ ಹುಡುಗರು ಅಕ್ಕಪಕ್ಕದ ಮನೆಯವರ ಜೊತೆಗೂ ಒಮ್ಮೆ ಹೋಗಿ ಬಂದರೆ ಇನ್ನೂ ಒಳ್ಳೆಯದು. ನನಗೆ ಗೊತ್ತಿರುವ ಸಮಯ ನಿರ್ವಹಣೆಯ ಸೂತ್ರಗಳಲ್ಲಿ ನಮ್ಮ ತಾಲ್ಲೂಕುಗಳಿಗೆ ಹೊಂದುವುದು ಇದೊಂದೇ.

ಕಚೇರಿಯನ್ನಷ್ಟೇ ಬೈದು ಮನೆಯನ್ನು ಬಿಟ್ಟರೆ ನ್ಯಾಯವಲ್ಲ. ಕೇಂದ್ರ ಸರ್ಕಾರವೇ ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸುತ್ತದೆ. 2024ರ ಲೆಕ್ಕದಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 88 ಕೂಡ ಮನೆಗೆಲಸ ಮಾಡುವ ಗಂಡಸರ ಸರಾಸರಿ. ಕಡ್ಡಿಯನ್ನೂ ಎತ್ತಿಡದವರು ಈ ಲೆಕ್ಕಕ್ಕೇ ಬಂದಿಲ್ಲ. ವ್ಯತ್ಯಾಸ 201 ನಿಮಿಷ, ಅಂದರೆ ಮೂರು ಗಂಟೆಗೂ ಮೇಲೆ. ಪಿಯುಸಿ ಓದುವ ಹುಡುಗಿ ನೀರು ಹಿಡಿದು, ಪಾತ್ರೆ ತೊಳೆದು, ರೊಟ್ಟಿ ತಟ್ಟಿ ಬಂದು ಪುಸ್ತಕ ತೆಗೆಯುವ ಹೊತ್ತಿಗೆ ಅವಳ ಅಣ್ಣ ಒಂದು ಸುತ್ತು ಓದಿ ಮುಗಿಸಿ ಕ್ರಿಕೆಟ್ಟಿಗೂ ಹೋಗಿ ಬಂದಿರುತ್ತಾನೆ. ಅವಳಿಗೆ ಯಾವ ಟೈಮ್‌ಟೇಬಲ್ ಹಾಕಿಕೊಡುತ್ತೀರಿ?

ಮುಂದಿನ ಸಲ ನಮ್ಮ ಕಡೆ ಸಮಯ ನಿರ್ವಹಣೆಯ ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ. ವಿದ್ಯಾರ್ಥಿಗಳನ್ನು ಹಿಂದೆ ಕೂರಿಸಿ. ಮುಂದಿನ ಸಾಲಿನಲ್ಲಿ ಬಸ್ ಡಿಪೋದವರು, ಕರೆಂಟಿನವರು, ತಾಲ್ಲೂಕು ಕಚೇರಿಯವರು ಮತ್ತು ಮಕ್ಕಳ ಅಪ್ಪಂದಿರು ಕೂರಲಿ. ಕಾರ್ಯಕ್ರಮ ಹತ್ತು ಗಂಟೆಗೆ ಎಂದು ಪತ್ರಿಕೆಯಲ್ಲಿ ಹಾಕಿದ್ದರೆ, ಮುಖ್ಯ ಅತಿಥಿ ಬರಲಿ ಬಿಡಲಿ, ಹತ್ತಕ್ಕೇ ಶುರು ಮಾಡಿ.