ಫರ್ಗ್ಯೂಸನ್ ಒದ್ದ ಬೂಟನ್ನು ನಮ್ಮ ಹುಡುಗರ ಮೇಲೆ ಎಸೆಯಬೇಡಿ

ಹೋದ ತಿಂಗಳು ತಾಲ್ಲೂಕು ಮಟ್ಟದ ಒಂದು ಫುಟ್‌ಬಾಲ್ ಟೂರ್ನಿಯ ವರದಿಗೆ ಹೋಗಿದ್ದೆ. ವರದಿ ಅಂದರೆ ಗೆದ್ದ ತಂಡದ ಫೋಟೊ, ಬಹುಮಾನ ಕೊಟ್ಟವರ ಹೆಸರು, ಆರು ಸಾಲು. ಪೇಪರಿನಲ್ಲಿ ನಾಲ್ಕೇ ಸಾಲು ಬಂತು. ಬರದೇ ಉಳಿದದ್ದು ಇಲ್ಲಿದೆ.

ಮೊದಲರ್ಧ ಮುಗಿದಾಗ ಸೋಲುತ್ತಿದ್ದ ತಂಡದ ಕೋಚ್ ತಮ್ಮ ಗೋಲ್‌ಕೀಪರ್ ಹುಡುಗನನ್ನು ಕರೆದು ಎಲ್ಲರೆದುರು ಕೆನ್ನೆಗೆ ಬಾರಿಸಿದರು. ಹುಡುಗನಿಗೆ ಹದಿನಾಲ್ಕು ವರ್ಷ ಇರಬಹುದು. ಯಾರೂ ಏನೂ ಅನ್ನಲಿಲ್ಲ. ನಾನು ಹೋಗಿ ಕೇಳಿದೆ. "ನಿಮಗ ಫುಟ್‌ಬಾಲ್ ಗೊತ್ತಿಲ್ರೀ ಸರ. ಫರ್ಗ್ಯೂಸನ್ ಬೂಟ್ ಒದ್ದ, ಬೆಕ್‌ಹ್ಯಾಮ್‌ನ ಹುಬ್ಬು ಹರೀತು. ಅದಕ್ಕ ಅವ ಬೆಕ್‌ಹ್ಯಾಮ್ ಆದ. ಈಗಿನ ಕೋಚ್‌ಗಳು ಮುದ್ದು ಮಾಡ್ತಾರ, ಹುಡುಗರು ಕೆಡ್ತಾರ" ಅಂದರು. ಸುತ್ತ ನಿಂತವರೆಲ್ಲ ತಲೆ ಆಡಿಸಿದರು.

ಇದೇ ಮಾತು ರೀಲ್ಸ್ ಆಗಿ, ಹಿಂದೊಂದು ಅಬ್ಬರದ ಮ್ಯೂಸಿಕ್ ಸೇರಿ, ನಿಮ್ಮ ಫೋನಿಗೂ ಬಂದಿರಬಹುದು. ಹಳೇ ಕಾಲದ ಕೋಚ್ ಸಿಂಹ, ಹೊಸ ಕಾಲದ ಕೋಚ್ ಆಯಾ. ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಕತೆಯೇ ಸುಳ್ಳು, ಆ ಸುಳ್ಳಿನ ಏಟು ಬೀಳುತ್ತಿರುವುದು ನಮ್ಮೂರ ಹುಡುಗರ ಕೆನ್ನೆ ಮೇಲೆ.

ಮೊದಲು ಆ ಬೂಟಿನ ವಿಷಯ. ಅದು ನಡೆದದ್ದು 2003ರ ಫೆಬ್ರುವರಿಯಲ್ಲಿ. ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮನೆಯಂಗಳದಲ್ಲೇ ಆರ್ಸೆನಲ್‌ಗೆ 2-0ಯಿಂದ ಸೋತಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಅಲೆಕ್ಸ್ ಫರ್ಗ್ಯೂಸನ್ ಸಿಟ್ಟಿನಿಂದ ನೆಲದ ಮೇಲಿದ್ದ ಬೂಟನ್ನು ಒದ್ದರು, ಅದು ಹಾರಿ ಡೇವಿಡ್ ಬೆಕ್‌ಹ್ಯಾಮ್ ಕಣ್ಣಿನ ಮೇಲೆ ಬಡಿಯಿತು. ಗುರಿಯಿಟ್ಟು ಒದ್ದದ್ದೂ ಅಲ್ಲ. ಆಗ ಬೆಕ್‌ಹ್ಯಾಮ್‌ಗೆ 27 ವರ್ಷ. ಆಗಲೇ ಇಂಗ್ಲೆಂಡ್ ನಾಯಕ. 1999ರಲ್ಲೇ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಾಗಿತ್ತು. ಹಾಗಾದರೆ ಆ ಬೂಟು ಅವರನ್ನು ಬೆಕ್‌ಹ್ಯಾಮ್ ಮಾಡಿದ್ದು ಹೇಗೆ? ಅದು ಮಾಡಿದ್ದು ಒಂದೇ ಕೆಲಸ. ಆ ಬೇಸಿಗೆಯಲ್ಲಿ ಅವರು ಯುನೈಟೆಡ್ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಹುಡುಗನಾಗಿದ್ದಾಗಿನಿಂದ ಬೆಳೆಸಿದ ಆಟಗಾರನನ್ನು ಕ್ಲಬ್ ಕಳಕೊಂಡಿತು. ರೀಲ್ಸ್ ಮಾಡಿದವರು ಈ ಅರ್ಧವನ್ನು ಕತ್ತರಿಸಿ ಹಾಕಿದ್ದಾರೆ.

ಫರ್ಗ್ಯೂಸನ್ ಬಾಯಿ ಜೋರು, ನಿಜ. ಅವರ ಬೈಗುಳಕ್ಕೆ ಅಲ್ಲಿನವರು ಕೂದಲು ಒಣಗಿಸುವ ಡ್ರೈಯರ್ ಹೆಸರಿಟ್ಟಿದ್ದರು, ಮುಖಕ್ಕೆ ಬಿಸಿಗಾಳಿ ಬಡಿದಂತೆ ಇರುತ್ತಿತ್ತಂತೆ. ಆದರೆ 1986ರಿಂದ 2013ರವರೆಗೆ ಒಂದೇ ಕ್ಲಬ್‌ನಲ್ಲಿದ್ದು 13 ಲೀಗ್ ಪ್ರಶಸ್ತಿ ಗೆದ್ದದ್ದು ಬೈಗುಳದಿಂದಲ್ಲ. 1995ರ ಜನವರಿಯಲ್ಲಿ ಎರಿಕ್ ಕ್ಯಾಂಟೊನಾ, ತಮ್ಮನ್ನು ನಿಂದಿಸಿದ ಪ್ರೇಕ್ಷಕನಿಗೆ ಬೇಲಿ ಹಾರಿ ಒದ್ದರು. ಕೋರ್ಟು, ಸಮಾಜಸೇವೆಯ ಶಿಕ್ಷೆ, ತಿಂಗಳುಗಟ್ಟಲೆ ನಿಷೇಧ. ಬೇಸತ್ತು ಫುಟ್‌ಬಾಲೇ ಬೇಡ ಇಂಗ್ಲೆಂಡೇ ಬೇಡ ಅಂತ ಪ್ಯಾರಿಸ್‌ಗೆ ಹೊರಟುಹೋದರು. ಆಗ ಫರ್ಗ್ಯೂಸನ್ ಏನು ಮಾಡಿದರು? ಪ್ಯಾರಿಸ್‌ಗೇ ಹೋದರು, ಎದುರು ಕೂತು ಮಾತಾಡಿದರು, ಒಪ್ಪಿಸಿ ಕರೆತಂದರು. ಮುಂದಿನ ಋತುವಿನಲ್ಲಿ ಯುನೈಟೆಡ್ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಗೆದ್ದಿತು, ಕಪ್ ಫೈನಲ್‌ನ ಏಕೈಕ ಗೋಲು ಕ್ಯಾಂಟೊನಾ ಅವರದ್ದೇ. ಮುನಿಸಿಕೊಂಡ ಮಗನನ್ನು ಹುಡುಕಿಕೊಂಡು ಹೋಗುವ ಅಪ್ಪನ ಕೆಲಸ ಅದು. ನಮ್ಮ ಕೋಚ್‌ಗಳು ಬೂಟನ್ನು ಮಾತ್ರ ಕಲಿತಿದ್ದಾರೆ, ಪ್ಯಾರಿಸ್ ಪ್ರಯಾಣ ಕಲಿತಿಲ್ಲ.

"ಆಯ್ತು, ಬ್ರಯಾನ್ ಕ್ಲಫ್ ಬಗ್ಗೆ ಏನಂತೀರಿ?" ಅಂತ ಫುಟ್‌ಬಾಲ್ ಬಲ್ಲವರು ಕೇಳಬಹುದು. ಕೇಳಬೇಕಾದದ್ದೇ. ಕ್ಲಫ್ ದೊಡ್ಡ ಕೋಚ್. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ಸಣ್ಣ ಕ್ಲಬ್ಬಿಗೆ 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಸತತ ಎರಡು ಯುರೋಪಿಯನ್ ಕಪ್ ಗೆದ್ದುಕೊಟ್ಟವರು. ಯುವಕ ರಾಯ್ ಕೀನ್ ಒಮ್ಮೆ ತಪ್ಪು ಪಾಸ್ ಕೊಟ್ಟು ಎದುರಾಳಿಗೆ ಗೋಲು ದಕ್ಕಿದ್ದಕ್ಕೆ, ಡ್ರೆಸ್ಸಿಂಗ್ ರೂಮಿನಲ್ಲಿ ಅವರಿಗೆ ಗುದ್ದಿದ್ದರು. ಇದನ್ನು ಕೀನ್ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ, ಆದರೂ ಕ್ಲಫ್ ಬಗ್ಗೆ ಗೌರವದಿಂದಲೇ ಮಾತಾಡುತ್ತಾರೆ. ನೋಡಿ, ಏಟು ತಿಂದವನೇ ಒಪ್ಪುತ್ತಾನಲ್ಲ, ನಿಮ್ಮದೇನು ತಕರಾರು?

ನನ್ನ ತಕರಾರು ಇಷ್ಟು. ಪುಸ್ತಕ ಬರೆಯುವವರು ಗೆದ್ದವರು. ಏಟು ತಿಂದು ಆಟ ಬಿಟ್ಟುಹೋದವನು ಪುಸ್ತಕ ಬರೆಯುವುದಿಲ್ಲ, ಬರೆದರೂ ನಾವು ಓದುವುದಿಲ್ಲ. ಅದೇ ಕ್ಲಫ್ 1981ರಲ್ಲಿ ಜಸ್ಟಿನ್ ಫಶಾನು ಎಂಬ ಯುವಕನನ್ನು ಹತ್ತು ಲಕ್ಷ ಪೌಂಡ್ ಕೊಟ್ಟು ತಂದರು. ಬ್ರಿಟನ್‌ನಲ್ಲಿ ಅಷ್ಟು ಬೆಲೆ ಪಡೆದ ಮೊದಲ ಕಪ್ಪು ಆಟಗಾರ. ಹುಡುಗ ಸಲಿಂಗಕಾಮಿಗಳು ಸೇರುವ ಕ್ಲಬ್‌ಗಳಿಗೆ ಹೋಗುತ್ತಾನೆ ಅಂತ ಗೊತ್ತಾದಾಗ ಕ್ಲಫ್ ಎದುರು ನಿಲ್ಲಿಸಿಕೊಂಡು ಹಂಗಿಸಿದರು, ತಂಡದ ಜೊತೆ ತರಬೇತಿಗೆ ಬರಬೇಡ ಅಂದರು. ಆ ಮಾತುಕತೆಯನ್ನು ಕ್ಲಫ್ ಮುಂದೆ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದರು. ಫಶಾನು ಆಟ ಮತ್ತೆ ಮೊದಲಿನಂತೆ ಆಗಲೇ ಇಲ್ಲ. 1990ರಲ್ಲಿ ತಾನು ಸಲಿಂಗಕಾಮಿ ಅಂತ ಬಹಿರಂಗವಾಗಿ ಹೇಳಿಕೊಂಡರು, 1998ರಲ್ಲಿ ಪ್ರಾಣ ಕಳಕೊಂಡರು. ಅದಕ್ಕೆ ಕ್ಲಫ್ ಕಾರಣ ಅಂತ ನಾನು ಹೇಳುತ್ತಿಲ್ಲ, ಆ ಬದುಕಿನಲ್ಲಿ ಬೇರೆ ಎಷ್ಟೋ ಸಂಕಟಗಳಿದ್ದವು. ಆದರೆ ಹಳೇ ಪದ್ಧತಿಯ ಲೆಕ್ಕ ಹಾಕುವಾಗ ಕೀನ್ ಪಕ್ಕದಲ್ಲಿ ಫಶಾನು ಹೆಸರನ್ನೂ ಬರೆಯಿರಿ.

ಇನ್ನೊಂದು ಮಾತು ಈ ಜಗಳದಲ್ಲಿ ಯಾರೂ ಎತ್ತುವುದಿಲ್ಲ. ಹಳೇ ಕೋಚ್‌ಗಳು ಹಾಗೆ ಬೈಯಲು ಆದದ್ದು ಅವರ ಎದೆಗಾರಿಕೆಯಿಂದಲ್ಲ, ಆಟಗಾರನ ಕೈ ಕಟ್ಟಿದ್ದರಿಂದ. ಇಂಗ್ಲೆಂಡ್‌ನಲ್ಲಿ 1961ರವರೆಗೆ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಒಪ್ಪಂದ ಮುಗಿದರೂ ಕ್ಲಬ್ ಬಿಡುಗಡೆ ಮಾಡದೆ ಬೇರೆ ಕಡೆ ಆಡುವಂತಿರಲಿಲ್ಲ. ನಮ್ಮ ಕಡೆ ಇದಕ್ಕೆ ಜೀತ ಅನ್ನುತ್ತೇವೆ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಕೋರ್ಟಿಗೆ ಹೋಗಿ 1963ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿದರು. ಪೂರ್ತಿ ಬಿಚ್ಚಿದ್ದು ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್. ದೊಡ್ಡ ಸ್ಟಾರ್ ಏನಲ್ಲ, ಸಾಧಾರಣ ಆಟಗಾರ. ಒಪ್ಪಂದ ಮುಗಿದ ಮೇಲೂ ಕ್ಲಬ್ ಬಿಡಲಿಲ್ಲ ಅಂತ ಕೇಸ್ ಹಾಕಿದರು. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ, ಒಪ್ಪಂದ ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದ ಒಳಗೆ ಹಣದ ತಡೆಯಿಲ್ಲದೆ ಬೇರೆ ಕ್ಲಬ್ಬಿಗೆ ಹೋಗಬಹುದು ಅಂತ ತೀರ್ಪು ಕೊಟ್ಟಿತು.

ಅಲ್ಲಿಂದ ಆಟವೇ ಬದಲಾಯಿತು. ಕಾಲಿಗೆ ಹಗ್ಗ ಇಲ್ಲದವನನ್ನು ದನಕ್ಕೆ ಗದರಿದಂತೆ ಗದರಿದರೆ ಅವನು ಎದ್ದು ಹೋಗುತ್ತಾನೆ. ಕೋಚ್‌ಗಳು ಮೆತ್ತಗಾದದ್ದು ಹೃದಯ ಪರಿವರ್ತನೆ ಆಗಿ ಅಲ್ಲ ಸ್ವಾಮಿ, ಬೇರೆ ದಾರಿ ಇಲ್ಲದೆ. ಕೂಲಿ ಆಳುಗಳಿಗೆ ಬೇರೆ ಊರಲ್ಲಿ ಕೆಲಸ ಸಿಗಲು ಶುರುವಾದ ಮೇಲೆ ಗೌಡರ ದನಿ ಇಳಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಬದಲಾವಣೆಗೆ ಒಗ್ಗದವರ ಪಾಡು ನೋಡಿ. ಜೋಸ್ ಮೊರಿನ್ಯೊ ಯುನೈಟೆಡ್ ಕೋಚ್ ಆಗಿದ್ದಾಗ, 2017ರಲ್ಲಿ, ಲ್ಯೂಕ್ ಶಾ ಆಡಿದ ಮ್ಯಾಚ್ ಬಗ್ಗೆ ಪತ್ರಕರ್ತರ ಮುಂದೆಯೇ ಮೂದಲಿಸಿದರು. ದೇಹ ಅವನದು, ಮೆದುಳು ನನ್ನದು ಎಂಬ ಅರ್ಥದ ಮಾತು. ಸೈಡ್‌ಲೈನಿನಲ್ಲಿ ನಿಂತು ತಾನೇ ಹೆಜ್ಜೆ ಹೆಜ್ಜೆಗೂ ಹೇಳಿಕೊಡಬೇಕಾಯಿತಂತೆ. 2018ರ ಡಿಸೆಂಬರ್‌ನಲ್ಲಿ ಮೊರಿನ್ಯೊ ಕೆಲಸ ಹೋಯಿತು. ಅದೇ ಶಾ 2021ರ ಜುಲೈಯಲ್ಲಿ ಯುರೋ ಫೈನಲ್‌ನ ಎರಡನೇ ನಿಮಿಷದಲ್ಲೇ ಇಟಲಿ ವಿರುದ್ಧ ಗೋಲು ಹೊಡೆದರು. ಇಂಗ್ಲೆಂಡ್ ಕೊನೆಗೆ ಪೆನಾಲ್ಟಿಯಲ್ಲಿ ಸೋತಿತು, ಅದು ಬೇರೆ ಮಾತು. ಆ ಗೋಲು ಹೊಡೆದ ಕಾಲನ್ನು ಆ ಹೊತ್ತಿನಲ್ಲಿ ಯಾರ ಮೆದುಳು ನಡೆಸುತ್ತಿತ್ತು ಅಂತ ಕೇಳಬೇಕು ಅನಿಸುತ್ತದೆ.

ಆಮೇಲೆ ಫೋನು. 2023ರ ಸೆಪ್ಟೆಂಬರ್‌ನಲ್ಲಿ ಯುನೈಟೆಡ್ ಕೋಚ್ ಎರಿಕ್ ಟೆನ್ ಹಾಗ್, ಜೇಡನ್ ಸ್ಯಾಂಚೊ ತರಬೇತಿಯಲ್ಲಿ ಸರಿಯಾಗಿ ಆಡುತ್ತಿಲ್ಲ, ಅದಕ್ಕೇ ಕೈಬಿಟ್ಟೆ ಅಂದರು. ಸ್ವಲ್ಪ ಹೊತ್ತಿನಲ್ಲೇ ಸ್ಯಾಂಚೊ ಪೋಸ್ಟ್ ಹಾಕಿದರು: ಇದು ಸುಳ್ಳು, ಬಹುಕಾಲದಿಂದ ನನ್ನನ್ನೇ ಬಲಿಪಶು ಮಾಡುತ್ತಿದ್ದಾರೆ ಅಂತ. ಕ್ಷಮೆ ಕೇಳು ಅಂದರು, ಕೇಳಲಿಲ್ಲ. ಮುಖ್ಯ ತಂಡದಿಂದ ಹೊರಗೆ, ಜನವರಿಯಲ್ಲಿ ಡಾರ್ಟ್‌ಮುಂಡ್‌ಗೆ ಸಾಲದ ಮೇಲೆ. ಇದರಲ್ಲಿ ಸ್ಯಾಂಚೊ ಅವರದ್ದೂ ತಪ್ಪಿದೆ. ಸಿಟ್ಟು ಬಂದ ಕೂಡಲೇ ಸ್ಟೇಟಸ್ ಹಾಕುವ ಚಾಳಿ ನಮ್ಮೂರಲ್ಲೂ ಎಷ್ಟು ಮನೆ ಒಡೆದಿದೆ ಅಂತ ನಿಮಗೇ ಗೊತ್ತು. ಆದರೆ ಒಳಗೆ ಹೇಳಬೇಕಾದ್ದನ್ನು ಮೊದಲು ಮೈಕಿನ ಮುಂದೆ ಹೇಳಿದವರು ಯಾರು? ಹಿರಿಯರು ಯಾರು? ಅದೇ ಸ್ಯಾಂಚೊ 2024ರ ಜೂನ್‌ನಲ್ಲಿ ಡಾರ್ಟ್‌ಮುಂಡ್ ಪರವಾಗಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು.

ಆ ಫೈನಲ್ ಗೆದ್ದದ್ದು ರಿಯಲ್ ಮ್ಯಾಡ್ರಿಡ್. ಅದರ ಕೋಚ್ ಕಾರ್ಲೊ ಆಂಚೆಲೊಟ್ಟಿಗೆ ಆಗ 64 ವರ್ಷ, ಕೋಚ್ ಆಗಿ ಅದು ಐದನೇ ಚಾಂಪಿಯನ್ಸ್ ಲೀಗ್. ಬೇರೆ ಯಾವ ಕೋಚ್‌ಗೂ ಇಷ್ಟು ದಕ್ಕಿಲ್ಲ. ಈ ಮನುಷ್ಯ ಸೈಡ್‌ಲೈನಿನಲ್ಲಿ ಚೂಯಿಂಗ್ ಗಮ್ ಅಗಿಯುತ್ತಾ, ಒಂದು ಹುಬ್ಬು ಏರಿಸಿ ನಿಲ್ಲುತ್ತಾರೆ, ಅಷ್ಟೆ. ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಆಂಟೋನಿಯೊ ಕಾಂಟೆ ಬೆಂಕಿ ಉಗುಳುವವರು. 2023ರಲ್ಲಿ ಟಾಟೆನ್‌ಹ್ಯಾಮ್ ಆಟಗಾರರನ್ನು ಸ್ವಾರ್ಥಿಗಳು ಅಂತ ಪತ್ರಿಕಾಗೋಷ್ಠಿಯಲ್ಲಿ ಜರಿದು ಎಂಟೇ ದಿನದಲ್ಲಿ ಕ್ಲಬ್ ಬಿಟ್ಟರು. ಹಾಗಂತ ಅವರು ಸೋತವರಲ್ಲ, 2025ರಲ್ಲಿ ನಾಪೋಲಿಗೆ ಇಟಲಿಯ ಲೀಗ್ ಗೆದ್ದುಕೊಟ್ಟರು. ನನ್ನ ವಾದಕ್ಕೆ ಇದು ತೊಡಕು, ಒಪ್ಪುತ್ತೇನೆ. ಆದರೆ ಹಿರಿಯ ಮೃದು, ಕಿರಿಯ ಬಿರುಸು. "ಹಳೇ ತಲೆಮಾರು ಗಟ್ಟಿ, ಹೊಸ ತಲೆಮಾರು ಮೆತ್ತಗೆ" ಎಂಬ ಗೆರೆ ಇಲ್ಲಿ ಎಲ್ಲಿ ಎಳೆಯುತ್ತೀರಿ?

ಹೊಸಬರು ಮುದ್ದು ಮಾಡುತ್ತಾರೆ ಎಂಬುದಂತೂ ಹಾಸ್ಯ. ಆರ್ಸೆನಲ್‌ನ ಮಿಕೆಲ್ ಆರ್ಟೆಟಾ 1982ರಲ್ಲಿ ಹುಟ್ಟಿದವರು. ಹೃದಯದ ಚಿತ್ರ, ಮೆದುಳಿನ ಚಿತ್ರ ಬರೆದು ಪಾಠ ಮಾಡುತ್ತಾರೆ. ಲಿವರ್‌ಪೂಲ್ ಮೈದಾನದ ಗದ್ದಲ ಅಭ್ಯಾಸವಾಗಲಿ ಅಂತ ತರಬೇತಿಗೆ ಸ್ಪೀಕರ್ ಇಟ್ಟು ಅವರ ಹಾಡು ಹಾಕಿಸಿದರು. ಆಮೇಲೆ ಹೋಗಿ 4-0ಯಿಂದ ಸೋತರು, ನಗು ಬರುತ್ತದೆ. ಆದರೆ 2021ರ ಡಿಸೆಂಬರ್‌ನಲ್ಲಿ ಶಿಸ್ತು ಮುರಿದದ್ದಕ್ಕೆ ನಾಯಕ ಔಬಮೆಯಾಂಗ್ ಅವರ ನಾಯಕತ್ವವನ್ನೇ ಕಿತ್ತುಕೊಂಡರು, ಎರಡು ತಿಂಗಳೊಳಗೆ ಅವರು ಬಾರ್ಸಿಲೋನಾದಲ್ಲಿದ್ದರು. ಬೂಟೂ ಹಾರಲಿಲ್ಲ, ಗುದ್ದೂ ಬೀಳಲಿಲ್ಲ.

ಹೊಸಬರ ಕ್ರೌರ್ಯ ಬೇರೆ ಥರದ್ದು. ಆಟಗಾರನ ಬೆನ್ನಿಗೆ ಜಿಪಿಎಸ್ ಕಟ್ಟಿ ಎಷ್ಟು ಓಡಿದ ಅಂತ ಲೆಕ್ಕ ಇಡುತ್ತಾರೆ, ತೂಕ ಹಾಕುತ್ತಾರೆ. 2022ರ ವಿಶ್ವಕಪ್ ಮುಗಿಸಿ ಬಂದ ಕ್ಯಾಲ್ವಿನ್ ಫಿಲಿಪ್ಸ್ ದಪ್ಪಗಾಗಿದ್ದಾರೆ ಅಂತ ಮ್ಯಾಂಚೆಸ್ಟರ್ ಸಿಟಿಯ ಪೆಪ್ ಗ್ವಾರ್ಡಿಯೋಲಾ ಪತ್ರಕರ್ತರೆದುರು ಹೇಳಿಬಿಟ್ಟರು. ಒಂದು ವರ್ಷದ ಮೇಲೆ ಫಿಲಿಪ್ಸ್, ಅದರಿಂದ ನನ್ನ ಆತ್ಮವಿಶ್ವಾಸ ಕುಸಿಯಿತು, ತಾಯಿಗೂ ಬೇಸರವಾಯಿತು ಅಂತ ಹೇಳಿಕೊಂಡರು. ಇಲ್ಲಿ ನನಗೆ ತಲೆಮಾರಿನ ನಿಜವಾದ ವ್ಯತ್ಯಾಸ ಕಂಡಿತು. ಗ್ವಾರ್ಡಿಯೋಲಾ ಪತ್ರಕರ್ತರ ಮುಂದೆಯೇ ಕ್ಷಮೆ ಕೇಳಿದರು. ಎಲ್ಲ ಗೆದ್ದ ಕೋಚ್, ತನ್ನ ತಂಡದಲ್ಲಿ ಜಾಗವೇ ಸಿಗದಿದ್ದ ಆಟಗಾರನಿಗೆ. ನಮ್ಮ ಜಿಲ್ಲೆಯಲ್ಲಿ ಯಾವ ಪಿಟಿ ಮಾಸ್ತರು ವಿದ್ಯಾರ್ಥಿಗೆ "ನಂದು ತಪ್ಪಾಯ್ತಪಾ" ಅಂದಿದ್ದನ್ನು ನೀವು ಕೇಳಿದ್ದೀರಾ? ಕೇಳಿದ್ದರೆ ಬರೆದು ತಿಳಿಸಿ, ಆರಲ್ಲ ಅರವತ್ತು ಸಾಲು ವರದಿ ಮಾಡುತ್ತೇನೆ.

ಏಟು ತಿಂದವನು ಗೋಲ್‌ಕೀಪರ್ ಆದ್ದರಿಂದ ಇನ್ನೊಬ್ಬ ಗೋಲ್‌ಕೀಪರ್ ನೆನಪಾದರು. 2018ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್‌ನ ಲೋರಿಸ್ ಕಾರಿಯುಸ್ ಎರಡು ದೊಡ್ಡ ತಪ್ಪು ಮಾಡಿದರು, ತಂಡ 3-1ರಿಂದ ಸೋತಿತು. ಅಳುತ್ತಾ ಪ್ರೇಕ್ಷಕರೆದುರು ಕೈಮುಗಿದು ನಿಂತರು. ಕೋಚ್ ಯುರ್ಗನ್ ಕ್ಲಾಪ್ ಬೈಯಲಿಲ್ಲ. ಕೆಲವು ದಿನಗಳ ನಂತರ ಅಮೆರಿಕದ ವೈದ್ಯರು ಪರೀಕ್ಷಿಸಿ, ಆ ತಪ್ಪುಗಳಿಗೆ ಮುಂಚೆ ಎದುರಾಳಿಯ ಮೊಣಕೈ ತಾಗಿ ತಲೆಗೆ ಪೆಟ್ಟಾಗಿತ್ತು, ಅದರಿಂದ ಆಟ ಕೆಟ್ಟಿರಬಹುದು ಅಂದರು. ಮ್ಯಾಚ್ ನಡೆಯುವಾಗ ಅದು ಯಾರಿಗೂ ಗೊತ್ತಾಗಿರಲಿಲ್ಲ. ಕ್ಲಾಪ್ ಆ ಬೇಸಿಗೆಯಲ್ಲೇ ಅಲಿಸನ್ ಅವರನ್ನು ತಂದು ಕಾರಿಯುಸ್‌ರನ್ನು ಟರ್ಕಿಗೆ ಕಳಿಸಿದರು ಅನ್ನುವುದನ್ನೂ ಹೇಳಬೇಕು. ಅಪ್ಪಿಕೊಳ್ಳುವ ಕೈಯೇ ಬಾಗಿಲನ್ನೂ ತೋರಿಸಿತು. ಆದರೆ ತಲೆಗೆ ಪೆಟ್ಟಾದ ಹುಡುಗನ ಕೆನ್ನೆಗೆ ಹೊಡೆಯಲಿಲ್ಲ.

ಇದು ವಿದೇಶದ ಮಾತು ಅನ್ನಬೇಡಿ. ನಮ್ಮ ದೇಶಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಒಯ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲಾ ಮಾಸ್ತರರಾಗಿದ್ದವರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರ ತಂಡದಲ್ಲಿ ಬೆಳೆದವರು, ಅಂದರೆ ಫರ್ಗ್ಯೂಸನ್ ಕಾಲದವರೇ. ಫರ್ಗ್ಯೂಸನ್ ಹೆಸರು ಹೇಳುವ ಹಕ್ಕು ಅಂಥವರಿಗಿದೆ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಹೈಸ್ಕೂಲಿನಲ್ಲಿ ನನ್ನ ಜೊತೆ ಒಬ್ಬ ಆಡುತ್ತಿದ್ದ. ಎಡಗಾಲಿನವ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವ. ಒಂದು ಪೆನಾಲ್ಟಿ ತಪ್ಪಿಸಿಕೊಂಡದ್ದಕ್ಕೆ ನಮ್ಮ ಆಗಿನ ಕೋಚ್ ಅವನನ್ನು ಬೆಲ್ಟ್ ಬಿಚ್ಚಿ ಹೊಡೆದರು, ಅವನಪ್ಪನ ಎದುರಿಗೆ. ಅಪ್ಪ ಸುಮ್ಮನೆ ನಿಂತಿದ್ದರು. ಮರುದಿನದಿಂದ ಅವನು ಗ್ರೌಂಡಿಗೆ ಬರಲಿಲ್ಲ. ನಾನೂ ಅವತ್ತು ಬಾಯಿ ತೆಗೆಯಲಿಲ್ಲ, ಆಡುವ ಹನ್ನೊಂದರಲ್ಲಿ ನನಗೊಂದು ಜಾಗ ಖಾಲಿಯಾಯಿತಲ್ಲ ಅಂತ ಒಳಗೊಳಗೇ ಖುಷಿಯೂ ಪಟ್ಟಿದ್ದೆ.

ಈಗ ಅವನದು ಹೆದ್ದಾರಿ ಪಕ್ಕ ಪಂಚರ್ ಅಂಗಡಿ. ರಾತ್ರಿ ಫೋನಿನಲ್ಲಿ ಪ್ರೀಮಿಯರ್ ಲೀಗ್ ನೋಡುತ್ತಾನೆ. ಅವನ ಮಗನಿಗೆ ಹನ್ನೊಂದು ವರ್ಷ, ಈ ವರ್ಷ ಕೋಚಿಂಗಿಗೆ ಸೇರಿದ್ದಾನೆ. ದಿನಾ ಸಂಜೆ ನಾಲ್ಕೂವರೆಗೆ ಅಂಗಡಿಯನ್ನು ಹುಡುಗನೊಬ್ಬನಿಗೆ ಒಪ್ಪಿಸಿ ಇವನು ಗ್ರೌಂಡಿಗೆ ಹೋಗುತ್ತಾನೆ. ಕೋಚ್‌ಗೆ ನಮಸ್ಕಾರ ಹೊಡೆಯುತ್ತಾನೆ, ಆಟ ಮುಗಿಯುವವರೆಗೂ ಕಟ್ಟೆ ಮೇಲೆ ಕೂತಿರುತ್ತಾನೆ. "ಯಾಕೋ, ಗಿರಾಕಿ ಬಿಟ್ಟು ಇಲ್ಲಿ ಕುಂತೀ?" ಅಂತ ಕೇಳಿದೆ.

"ಸುಮ್ನ," ಅಂದ. "ನಾ ಇಲ್ಲಿ ಕುಂತೀನಿ ಅಂತ ಅವರಿಗೆ ಕಾಣ್ಲಿ ಅಂತ."